ಎರಡನೆಯ ದನಿ

ಕೊಟ್ಟೂರಿನ ನಮ್ಮ ಮನೆಯಲ್ಲಿ ಬೆಳಗಿನ ಏಳೂವರೆಗೆ ಎರಡು ಸದ್ದುಗಳು ಕೂಡಿಯೇ ಏಳುತ್ತಿದ್ದವು. ಒಂದು, ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವುದು. ಇನ್ನೊಂದು, ಗೂಡಿನಲ್ಲಿಟ್ಟಿದ್ದ ರೇಡಿಯೊ. ಆಗ ಆ ನಿಲಯದ ಹೆಸರು ಶ್ರೀಲಂಕಾ ಎಂದಾಗಿ ವರ್ಷಗಳೇ ಕಳೆದಿದ್ದವು. ಆದರೆ ನಮ್ಮ ಸೋದರತ್ತೆಗೆ ಅದು ಕೊನೆಯವರೆಗೂ ಸಿಲೋನೇ. ಹಳೆಯ ಹಿಂದಿ ಸಿನಿಮಾ ಹಾಡುಗಳ ಅರ್ಧ ತಾಸಿನ ಕಾರ್ಯಕ್ರಮ ಅದು. ಎಂಟು ಹೊಡೆಯುವ ಮುನ್ನ ಸೈಗಲ್‌ರ ಒಂದು ಹಾಡಿನೊಂದಿಗೆ ಮುಗಿಯುತ್ತಿತ್ತು. ಸೈಗಲ್ ಬಂದರೆಂದರೆ ನಾವು ಮಕ್ಕಳು ಪಾಟೀಚೀಲ ಹೆಗಲಿಗೇರಿಸಬೇಕು. ನಮ್ಮ ಮನೆಗೆ ಅದೇ ಗಡಿಯಾರ.

ಅತ್ತಿಗೆ ಹಿಂದಿ ಬರುತ್ತಿರಲಿಲ್ಲ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಆದರೂ ಯಾವ ಹಾಡು ಯಾರದೆಂದು ಹೇಳಿಬಿಡುತ್ತಿದ್ದಳು. ನಡುನಡುವೆ ಒಂದು ದನಿ ಬಂದರೆ ಮಾತ್ರ ರೊಟ್ಟಿ ಬಡಿಯುವ ಕೈ ನಿಲ್ಲುತ್ತಿತ್ತು. "ಈಕಿ ನಮ್ಮಾಕಿ ನೋಡು, ಬೀಳಗಿಯಾಕಿ" ಎನ್ನುತ್ತಿದ್ದಳು. ಬೀಳಗಿ ಎಲ್ಲಿ, ಕೊಟ್ಟೂರು ಎಲ್ಲಿ? ಆದರೂ 'ನಮ್ಮಾಕಿ' ಎನ್ನುವಾಗ ಅತ್ತಿಯ ಮುಖ ತವರಿನಿಂದ ಯಾರೋ ಬಂದ ಹಾಗೆ ಅರಳುತ್ತಿತ್ತು. ಆ ದನಿ ಅಮೀರ್‌ಬಾಯಿ ಕರ್ನಾಟಕಿ ಅವರದು.

ಹೆಸರು ಕೇಳದವರಿಗಾಗಿ ಎರಡು ಮಾತು ಹೇಳಬೇಕು. ಇಂದಿನ ಬಾಗಲಕೋಟೆ ಜಿಲ್ಲೆಯ, ಅಂದು ಬಿಜಾಪುರ ಜಿಲ್ಲೆಗೆ ಸೇರಿದ್ದ ಬೀಳಗಿಯಲ್ಲಿ ಹುಟ್ಟಿದವರು ಅಮೀರ್‌ಬಾಯಿ. ನಾಟಕ ಮತ್ತು ಸಂಗೀತದ ವಾತಾವರಣದ ಮನೆ. ಅಕ್ಕ ಗೋಹರ್‌ಬಾಯಿಯೂ ಗಾಯಕಿ, ನಟಿ. ಮರಾಠಿ ರಂಗಭೂಮಿಯ ಬಾಲಗಂಧರ್ವರನ್ನು 1951ರಲ್ಲಿ ಮದುವೆಯಾದವರು ಆಕೆಯೇ. ತಂಗಿ ಮುಂಬಯಿಗೆ ಹೋಗಿ 1930ರ ದಶಕದ ನಡುವಿನಿಂದ ಸಿನಿಮಾಗಳಲ್ಲಿ ನಟಿಸಿದರು, ಹಾಡಿದರು. ಹೋದಲ್ಲಿ ಊರಿನ ಹೆಸರಲ್ಲ, ಇಡೀ ನಾಡಿನ ಹೆಸರನ್ನೇ ಅಡ್ಡಹೆಸರಾಗಿ ಇಟ್ಟುಕೊಂಡರು. ಆಗಿನ್ನೂ ಕರ್ನಾಟಕವೆಂಬ ರಾಜ್ಯವೇ ಇರಲಿಲ್ಲವೆಂಬುದನ್ನು ನೆನೆದರೆ ಇದು ಸಣ್ಣ ಸಂಗತಿಯಲ್ಲ. ಅವರ ಬದುಕಿನ ಬಗೆಗೆ ರಹಮತ್ ತರೀಕೆರೆಯವರು ಒಂದು ಪುಸ್ತಕವನ್ನೇ ಬರೆದಿದ್ದಾರೆ. ನಮ್ಮ ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದವರು ಅವರು. ಆಸಕ್ತಿಯುಳ್ಳವರು ಹುಡುಕಿ ಓದಬೇಕು.

ನನ್ನ ತಕರಾರು ಬೇರೆ. ಅಮೀರ್‌ಬಾಯಿ ಎಂದೊಡನೆ ಎಲ್ಲರೂ ಹೇಳುವುದು 'ಕಿಸ್ಮತ್'. ಅಲ್ಲಿಗೆ ಮಾತು ಮುಗಿಯಿತು. ನಮ್ಮ ಕಡೆ ನಾಟಕ ಕಂಪನಿಯ ನಟಿಯರಿಗೂ ಹೀಗೇ ಆಗುತ್ತಿತ್ತು. ಯಾವುದೋ ಒಂದು ಕಂಪನಿ, ಅದರಲ್ಲೊಂದು ಪಾತ್ರ, ಆ ಪಾತ್ರದ ಒಂದು ಹಾಡು. ಆಕೆ ಸಾಯುವತನಕ ಅದೇ. ಕಂಪನಿ ಬಿಟ್ಟ ಮೇಲೆ ಆಕೆ ಏನು ಹಾಡಿದಳು, ಹೇಗೆ ಹಾಡಿದಳು ಎಂದು ಯಾರೂ ಕೇಳುವುದಿಲ್ಲ. ಕೊಟ್ಟೂರೇಶ್ವರನ ತೇರಿಗೆ ಬಂದು ಡೇರೆ ಹಾಕುತ್ತಿದ್ದ ಕಂಪನಿಗಳ ಎಷ್ಟೋ ಹೆಂಗಸರ ದನಿ ಆ ಡೇರೆಯ ಜೊತೆಗೇ ಸುತ್ತಿ ಹೋಯಿತು. ಅಮೀರ್‌ಬಾಯಿಯವರ ದನಿಯಾದರೋ ತಟ್ಟೆಗಳಲ್ಲಿ ಉಳಿದಿದೆ. ಉಳಿದಿರುವುದನ್ನೂ ಕೇಳದೆ ಬಿಟ್ಟರೆ ಅದು ನಮ್ಮದೇ ತಪ್ಪು. ಆದ್ದರಿಂದ 'ಕಿಸ್ಮತ್' ಎಂಬ ಕಂಪನಿಯ ಆಚೆಗಿನ ಅಮೀರ್‌ಬಾಯಿಯ ಬಗ್ಗೆ ಇಲ್ಲಿ ಬರೆಯಬೇಕೆಂದುಕೊಂಡಿದ್ದೇನೆ. ನಾನು ಸಂಗೀತ ಕಲಿತವಳಲ್ಲ. ಬಿ.ಎ., ಬಿ.ಎಡ್. ಮಾಡಿ ಸಮಾಜ ಮತ್ತು ಕನ್ನಡ ಹೇಳಿಕೊಟ್ಟವಳು. ರಾಗದ ಹೆಸರು ಕೇಳಬೇಡಿ. ಕಿವಿ ಹೇಳಿದ್ದನ್ನಷ್ಟೇ ಬರೆಯುತ್ತೇನೆ.

ಮೊದಲು 'ಕಿಸ್ಮತ್‌'ಗೆ ಸಲ್ಲಬೇಕಾದ್ದನ್ನು ಸಲ್ಲಿಸಿಬಿಡೋಣ. 1943ರ ಸಿನಿಮಾ. ಬಾಂಬೆ ಟಾಕೀಸ್‌ನದು, ಗ್ಯಾನ್ ಮುಖರ್ಜಿ ನಿರ್ದೇಶಿಸಿದ್ದು. ಅಶೋಕ್ ಕುಮಾರ್ ಕಳ್ಳನ ಪಾತ್ರದಲ್ಲಿ, ಮುಮ್ತಾಜ್ ಶಾಂತಿ ಕಾಲು ಊನವಾದ ಹಾಡುಗಾರ್ತಿ ರಾಣಿಯಾಗಿ ನಟಿಸಿದ್ದರು. ಕಲ್ಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಮಿಕ್ಕಿ ಓಡಿತು. ಅನಿಲ್ ಬಿಸ್ವಾಸ್ ಸಂಗೀತ, ಕವಿ ಪ್ರದೀಪ್ ಹಾಡು. 'ದೂರ್ ಹಟೋ' ಎಂಬ ಹಾಡನ್ನು ಯುದ್ಧಕಾಲದಲ್ಲಿ ಜರ್ಮನಿ, ಜಪಾನುಗಳ ವಿರುದ್ಧ ಎಂಬ ನೆಪದಲ್ಲಿ ಬ್ರಿಟಿಷ್ ಸರ್ಕಾರದ ಕಣ್ಣು ತಪ್ಪಿಸಿ ತಂದರು. ಕೇಳಿದ ಜನಕ್ಕೆ ಯಾರನ್ನು ದೂರ ಹೋಗೆನ್ನುತ್ತಿದ್ದಾರೆಂದು ತಿಳಿಯದೆ ಇರಲಿಲ್ಲ. ಹಾಡು ದೊಡ್ಡದು. ಆದರೆ ಅದರಲ್ಲಿ ಅಮೀರ್‌ಬಾಯಿ ಎಲ್ಲಿದ್ದಾರೆ? ಖಾನ್ ಮಸ್ತಾನಾ ಅವರ ದನಿ, ಸುತ್ತ ಮೇಳದ ದನಿ, ಅದರ ನಡುವೆ ಆಕೆ. ಜಾತ್ರೆಯಲ್ಲಿ ಪರಿಚಯದವರ ಮುಖ ಕಂಡು ಮರೆಯಾದ ಹಾಗೆ.

ಆ ಚಿತ್ರದಲ್ಲಿ ನಿಜವಾಗಿ ಆಕೆಯದೆನ್ನಬಹುದಾದದ್ದು 'ಧೀರೆ ಧೀರೆ'. ಮೋಡಕ್ಕೆ ಮೆಲ್ಲಗೆ ಬಾ ಎಂದು ಹೇಳುವ ಜೋಗುಳದಂಥ ಹಾಡು. ಇದನ್ನು ನಮ್ಮ ಅತ್ತಿ ಕನ್ನಡದ್ದೇ ಮಾತು ಹಾಕಿಕೊಂಡು ತೊಟ್ಟಿಲಿಗೆ ಹಾಡುತ್ತಿದ್ದಳು. ಬಹಳ ಒಳ್ಳೆಯ ಹಾಡು, ಒಪ್ಪುತ್ತೇನೆ. ಆದರೆ ಆ ಹಾಡು ದನಿಯನ್ನು ಇಳಿಸಲು ಕೇಳುತ್ತದೆ. ಮಲಗಿದವರನ್ನು ಎಬ್ಬಿಸಬಾರದಲ್ಲ! ಅಮೀರ್‌ಬಾಯಿಯವರ ಗಂಟಲಿನ ಪೂರ್ತಿ ಅಗಲ ಅಲ್ಲಿ ಕಾಣುವುದಿಲ್ಲ. ಬಾಗಿಲು ಅರ್ಧ ತೆರೆದಂತೆ ಇದೆ.

ಆ ಅಗಲ ಎಲ್ಲಿಂದ ಬಂತೆಂಬುದು ಕಂಪನಿ ನಾಟಕ ನೋಡಿ ಬೆಳೆದ ನಮಗೆ ಬೇಗ ತಿಳಿಯುತ್ತದೆ. ಮೈಕು ಇಲ್ಲದ ಕಾಲದ ರಂಗಸ್ಥಳ. ಪೇಟಿ ಮಾಸ್ತರರು ಕಾಲುಪೇಟಿ ತುಳಿಯುತ್ತ ಸುರ ಕೊಡಬೇಕು, ಮಗ್ಗುಲಲ್ಲಿ ತಬಲಾ ಬಾರಿಸಬೇಕು, ಇವೆರಡನ್ನೂ ದಾಟಿ ಮಾತು ನೆಲದ ಟಿಕೀಟಿನವನ ಕಿವಿಗೆ ಮುಟ್ಟಬೇಕು. ಅವನು ಶೇಂಗಾ ಸುಲಿಯುತ್ತ ಕೂತಿರುತ್ತಾನೆ. ಅವನನ್ನು ಮುಟ್ಟದ ಹಾಡು ಹಾಡಲ್ಲ. ಆದ್ದರಿಂದ ಆ ಹೆಂಗಸರು ಎದೆಯಿಂದ ಹಾಡಿದರು, ಅಕ್ಷರ ಅಕ್ಷರವನ್ನೂ ಕಡಿದು ಕೊಟ್ಟರು. ಮೈಲಾರದ ಕಾರಣಿಕದಲ್ಲಿ 'ಸದ್ದಲೇ' ಎಂದು ಗೊರವಯ್ಯ ಕೂಗಿದರೆ ಆ ಬಯಲೆಲ್ಲ ಸ್ತಬ್ಧವಾಗುವುದನ್ನು ಹಡಗಲಿಯ ಕಡೆಯವರು ನೋಡಿಯೇ ಇರುತ್ತೀರಿ. ಒಂದು ದನಿ ಬಯಲನ್ನು ಹಿಡಿಯುವುದೆಂದರೆ ಅದು. ಅಮೀರ್‌ಬಾಯಿ, ಅಂಬಾಲೆಯ ಜೋಹ್ರಾಬಾಯಿ, ಶಂಶಾದ್ ಬೇಗಂ ಇವರೆಲ್ಲರದೂ ಇಂಥ ತುಂಬು ದನಿ. ಸ್ಟುಡಿಯೋದ ಮೈಕಿನ ಮುಂದೆ ನಿಂತಾಗಲೂ ಅವರು ಹಿಂದಿನ ಸಾಲಿನವನನ್ನು ಮರೆಯಲಿಲ್ಲ.

ಇಲ್ಲಿ ನನ್ನದೊಂದು ಮಾತು ಹೇಳದೆ ಮುಂದೆ ಹೋಗಲಾರೆ. ನಾನು ಏಳನೆಯ ತರಗತಿಯಲ್ಲಿದ್ದಾಗ ಆಗಸ್ಟ್ ಹದಿನೈದಕ್ಕೆ ಹಾಡಲು ಹತ್ತು ಹುಡುಗಿಯರನ್ನು ಆರಿಸಿದರು. ನಾನೂ ಇದ್ದೆ. ಎರಡು ದಿನ ಅಭ್ಯಾಸವಾಯಿತು. ಮೂರನೆಯ ದಿನ, ಹಾಡು ಕಲಿಸುತ್ತಿದ್ದವರು ನನ್ನ ಹತ್ತಿರ ಬಂದು, "ನಿಂದು ಗಂಡುದನಿ ಐತಿ ಕಣವ್ವ, ಎಲ್ಲಾರ ದನೀನೂ ಕೆಡಿಸ್ತತಿ. ಹಿಂದಿನ ಸಾಲಿಗೆ ಹೋಗಿ ಬರೇ ಬಾಯಿ ಅಲ್ಲಾಡ್ಸು" ಎಂದರು. ಸಿಟ್ಟಿನಿಂದಲ್ಲ, ಪ್ರೀತಿಯಿಂದಲೇ ಹೇಳಿದರು. ನಾನು ಹಿಂದಿನ ಸಾಲಿನಲ್ಲಿ ನಿಂತು ಬಾಯಿ ಅಲ್ಲಾಡಿಸಿದೆ. ಅಂದಿನಿಂದ ಹಾಡಲಿಲ್ಲ. ಮದುವೆಯಲ್ಲಿ ಹೆಸರು ಹೇಳಲು ಎಲ್ಲರೂ ಒತ್ತಾಯಿಸಿದಾಗಲೂ ಒಗಟನ್ನು ಓದಿದ ಹಾಗೆ ಒಪ್ಪಿಸಿದೆ. ಇದೇನು ದೊಡ್ಡ ದುಃಖವಲ್ಲ, ಊರಿಗೆ ಹತ್ತು ಹೆಂಗಸರು ಇಂಥದ್ದನ್ನು ಹೇಳುತ್ತಾರೆ. ಆದರೆ ಅಮೀರ್‌ಬಾಯಿಯವರ ಹಾಡುಗಳನ್ನು ನಾನು ಕೇಳುವಾಗ ಆ ಹಿಂದಿನ ಸಾಲಿನಲ್ಲಿ ನಿಂತೇ ಕೇಳುತ್ತೇನೆಂಬುದು ಓದುವವರಿಗೆ ಗೊತ್ತಿರಲಿ.

'ರತನ್' 1944ರ ಚಿತ್ರ. ನೌಷಾದ್ ಸಂಗೀತ, ಡಿ.ಎನ್. ಮಧೋಕ್ ಹಾಡು. ಆ ಚಿತ್ರವೆಂದರೆ ಜನಕ್ಕೆ ನೆನಪಾಗುವುದು ಜೋಹ್ರಾಬಾಯಿಯವರ 'ಅಖಿಯಾ ಮಿಲಾಕೆ'. ಎಷ್ಟೋ ವರ್ಷ ನಾನು ಅದನ್ನು ಅಮೀರ್‌ಬಾಯಿಯದೇ ಎಂದುಕೊಂಡಿದ್ದೆ, ತರಗತಿಯಲ್ಲಿ ಹಾಗೆಂದು ಹೇಳಿಯೂ ಇದ್ದೆ. ಅಮೀರ್‌ಬಾಯಿಯದು ಅದೇ ಚಿತ್ರದ 'ಮಿಲ್‌ಕೆ ಬಿಛಡ್ ಗಯೀ'. ಕಣ್ಣು ಕೂಡಿ ಅಗಲಿದ ಹಾಡು. ಇದನ್ನು ಒಮ್ಮೆ ಮನೆಯಲ್ಲಿ ಯಾರೂ ಇಲ್ಲದಾಗ ಕೇಳಿರಿ. ಅಗಲಿಕೆಯ ಹಾಡೆಂದರೆ ನಮಗೀಗ ಬಿಕ್ಕುವುದು ರೂಢಿ. ದನಿ ನಡುಗಬೇಕು, ಕೊನೆಗೆ ಉಸಿರಾಗಿ ಹೋಗಬೇಕು. ಅಮೀರ್‌ಬಾಯಿ ಅಳುವುದಿಲ್ಲ. ಆದದ್ದನ್ನು ಹೇಳುತ್ತಾರೆ. ಸಾವಿನ ಮನೆಯಲ್ಲಿ ಎಲ್ಲರೂ ಅತ್ತು ಹೋದ ಮೇಲೆ, ಮೂರನೆಯ ದಿನ, ಮನೆಯಾಕೆ ಒಲೆಯ ಮುಂದೆ ಕೂತು ನೆರೆಯವಳಿಗೆ ನಡೆದದ್ದನ್ನು ಹೇಳುತ್ತಾಳಲ್ಲ, ಆ ದನಿ. ಅಲ್ಲಿ ಕಣ್ಣೀರಿಲ್ಲ, ಆದರೆ ಕೇಳುವವಳು ಅಳುತ್ತಾಳೆ. ತೆಳು ದನಿಗೆ ಇದು ಆಗದೆಂದು ನಾನು ಹೇಳುವುದಿಲ್ಲ. ಆದರೆ ತುಂಬು ದನಿಗೆ ಇದು ಸಹಜ, ಅದು ನೋವನ್ನು ಹೊತ್ತುಕೊಂಡೇ ನಿಲ್ಲಬಲ್ಲದು.

ಅದೇ ಚಿತ್ರದಲ್ಲಿ ಶ್ಯಾಮ್ ಕುಮಾರ್ ಜೊತೆಗೆ ಹಾಡಿದ 'ಓ ಜಾನೇವಾಲೇ ಬಾಲಮ್‌ವಾ' ಇದೆ. ಹೋಗುವವನನ್ನು ಆಕೆ ಕರೆಯುತ್ತಾಳೆ, ಅವನು ಹೋಗೇ ನಾನು ನಿನ್ನವನಲ್ಲ ಎನ್ನುತ್ತಾನೆ. ಕಂಪನಿ ನಾಟಕದಲ್ಲಿ ಹಾಸ್ಯದ ಜೋಡಿಗೆ ಇಂಥದೊಂದು ಸವಾಲು ಜವಾಬು ಇದ್ದೇ ಇರುತ್ತಿತ್ತು. ಕೇಳಲು ಚೆನ್ನ. ಹೆಚ್ಚಿನದೇನೂ ಇಲ್ಲ.

ಹೆಚ್ಚಿನದು ಇರುವುದು 'ಭರ್ತೃಹರಿ'ಯಲ್ಲಿ. ಅದೂ 1944ರದೇ. ಖೇಮಚಂದ್ ಪ್ರಕಾಶ್ ಸಂಗೀತ. ಕಥೆ ನಿಮಗೆ ಗೊತ್ತು. ರಾಜ ಭರ್ತೃಹರಿ ವಿರಕ್ತನಾಗಿ, ಜೋಗಿಯ ವೇಷದಲ್ಲಿ ತನ್ನದೇ ಅರಮನೆಯ ಬಾಗಿಲಿಗೆ ಬಂದು, ತಾನು ಕೈಹಿಡಿದ ರಾಣಿ ಪಿಂಗಳೆಯನ್ನು 'ತಾಯೇ' ಎಂದು ಕರೆದು ಭಿಕ್ಷೆ ಬೇಡುತ್ತಾನೆ. ಹಾಡಿನಲ್ಲಿ ಬೇಡುವ ದನಿ ಸುರೇಂದ್ರರದು, ಪಿಂಗಳೆಯ ದನಿ ಅಮೀರ್‌ಬಾಯಿಯದು. ಈ ಹಾಡನ್ನು ಮೆಚ್ಚಿಕೊಳ್ಳುವವರೆಲ್ಲ ಸುರೇಂದ್ರರನ್ನು ಮೆಚ್ಚುತ್ತಾರೆ. ವೈರಾಗ್ಯವೆಂದರೆ ನಮ್ಮಲ್ಲಿ ದೊಡ್ಡದು. ಬಿಟ್ಟು ಹೋದವನಿಗೆ ಹಾಡು, ಬಿಡಿಸಿಕೊಂಡವಳಿಗೆ ಏನಿದೆ?

ಆದರೆ ಗಂಡ 'ತಾಯಿ' ಎಂದಾಗ ಆ ಹೆಂಗಸಿನ ಎದೆಯಲ್ಲಿ ಏನಾಗಿರಬೇಕೆಂಬುದನ್ನು ಕೇಳಬೇಕೆನ್ನುವವರು ಎರಡನೆಯ ದನಿಗೆ ಕಿವಿಗೊಡಬೇಕು. ಪಾತ್ರ ರಾಣಿಯದು, ಆದರೆ ದನಿ ನಮ್ಮ ಓಣಿಯದು. ನನ್ನ ಕಿವಿಗೆ ಅಲ್ಲಿ ಬೇಡಿಕೆಗಿಂತ ಅವಮಾನ ಹೆಚ್ಚು ಕೇಳುತ್ತದೆ. ಒಬ್ಬನೇ ತೀರ್ಮಾನ ಮಾಡಿ ಬಂದಿದ್ದಾನೆ, ಇವಳನ್ನು ಕೇಳಲಿಲ್ಲ. ಈ ದನಿ ಬಾಗಿಲಿನ ಒಳಗಿನಿಂದ ಬರುತ್ತದೆ, ಆದರೂ ಅಂಗಳದಲ್ಲಿ ನಿಂತವನಿಗಿಂತ ಗಟ್ಟಿಯಾಗಿ ನಿಲ್ಲುತ್ತದೆ. ಕಂಪನಿಯಿಂದ ಬಂದ ದನಿಗೆ ಮಾತ್ರ ಹೀಗೆ ಎದುರು ಪಾತ್ರದ ಕಣ್ಣಲ್ಲಿ ಕಣ್ಣಿಟ್ಟು ಹಾಡಲು ಬರುತ್ತದೆ. ಅಮೀರ್‌ಬಾಯಿಯ ಒಂದೇ ಒಂದು ಹಾಡು ಉಳಿಸಿಕೊಳ್ಳಿ ಎಂದರೆ ನಾನು 'ಕಿಸ್ಮತ್' ಬಿಟ್ಟು ಇದನ್ನು ಇಟ್ಟುಕೊಳ್ಳುತ್ತೇನೆ.

'ವೈಷ್ಣವ ಜನತೋ' ಕೂಡ ಆಕೆ ಹಾಡಿದ್ದಾರೆ, ಗಾಂಧೀಜಿ ಮೆಚ್ಚಿದ್ದರೆಂಬ ಮಾತು ಪ್ರಚಾರದಲ್ಲಿದೆ. ನನಗೆ ಅದು ಅಷ್ಟಾಗಿ ಹತ್ತಲಿಲ್ಲ. ತೀರಾ ಮಡಿಯಲ್ಲಿ ಹಾಡಿದಂತಿದೆ. ಗುಜರಾತಿಯಲ್ಲೇ 'ರಾಣಕದೇವಿ' ಚಿತ್ರಕ್ಕೆ ಹಾಡಿದ, ನಮ್ಮ ಹಳ್ಳಿಗೆ ಒಮ್ಮೆ ಬನ್ನಿ ಎಂದು ಕರೆಯುವ ಹಾಡು ಅದಕ್ಕಿಂತ ನೂರು ಪಾಲು ಜೀವಂತ. ಬೀಳಗಿಯ ಹೆಣ್ಣು ಗುಜರಾತಿನ ಹಳ್ಳಿಯನ್ನು ಕರೆದು ತೋರಿಸುತ್ತಾಳೆ. ಭಾಷೆ ಬಾರದ ನನಗೂ ಆ ಕರೆ ತಿಳಿಯುತ್ತದೆ.

'ಶೆಹನಾಯಿ' 1947ರ ಚಿತ್ರ. ಸಿ. ರಾಮಚಂದ್ರರ ಸಂಗೀತ. ಭಾನುವಾರ ಭಾನುವಾರ ಬಾ ಎಂದು ಕರೆಯುವ ತಮಾಷೆಯ ಹಾಡಿನಿಂದ ಆ ಚಿತ್ರ ಹೆಸರಾಯಿತು, ಹಿರಿಯರಿಗೆ ಅದರಿಂದ ಮುಜುಗರವೂ ಆಯಿತು. ಅದರ ಮಗ್ಗುಲಲ್ಲೇ ಅಮೀರ್‌ಬಾಯಿಯ 'ಮಾರ್ ಕಟಾರೀ' ಇದೆ. ಕಠಾರಿ ಇರಿದುಕೊಂಡು ಸತ್ತರೂ ಸಾಯಿ, ಕಣ್ಣು ಮಾತ್ರ ಕೂಡಿಸಬೇಡ ಎಂಬ ಬುದ್ಧಿವಾದ. ಮಾತು ನೋಡಿದರೆ ಭಯಂಕರ. ಹಾಡುವುದು ಮಾತ್ರ ಬಾವಿಕಟ್ಟೆಯ ಮೇಲೆ ಕೊಡ ಇಟ್ಟು ಹಿರಿಯಳೊಬ್ಬಳು ಎಳೆಯವಳಿಗೆ ಹೇಳುವ ಹಾಗೆ. ತನಗೆ ಆದದ್ದನ್ನು ಹೇಳದೆ ಹೇಳುವ ಧಾಟಿ. ಇದನ್ನು ಹಾಡುವ ಹೊತ್ತಿಗೆ ಆಕೆಯ ಸ್ವಂತ ಬದುಕು ಸುಖದ್ದಾಗಿರಲಿಲ್ಲ. ನಟ ಹಿಮಾಲಯವಾಲಾ ಜೊತೆಗಿನ ಮೊದಲ ಮದುವೆ ಕಹಿಯಾಗಿತ್ತು. ಆತ ಪಾಕಿಸ್ತಾನಕ್ಕೆ ಹೋದ. ಮುಂದೆ ಪತ್ರಕರ್ತ ಬದ್ರಿ ಕಾಂಚವಾಲಾ ಅವರ ಜೊತೆ ಆಕೆ ನೆಲೆ ಕಂಡರು. ಹಾಡುಗಾರ್ತಿಯ ಬದುಕನ್ನು ಹಾಡಿನಲ್ಲಿ ಹುಡುಕುವುದು ಸರಿಯಲ್ಲವೆಂದು ನಾನೇ ಮಕ್ಕಳಿಗೆ ಹೇಳುತ್ತೇನೆ. ಆದರೂ ಈ ಹಾಡು ಬಂದಾಗ ಆ ಮಾತು ಮರೆತುಹೋಗುತ್ತದೆ.

1948ರಲ್ಲಿ 'ಶೆಹನಾಜ್' ಎಂಬ ಚಿತ್ರಕ್ಕೆ ಅಮೀರ್‌ಬಾಯಿ ಸಂಗೀತವನ್ನೂ ಕೊಟ್ಟರು. ಮುಂಬಯಿಯ ಸಿನಿಮಾದಲ್ಲಿ ಪೇಟಿಯ ಹಿಂದೆ ಹೆಂಗಸು ಕೂರುವುದು ಆಗ ಬೆರಳಲ್ಲೆಣಿಸುವಷ್ಟು ಅಪರೂಪ. ಬಾಂಬೆ ಟಾಕೀಸ್‌ನ ಸರಸ್ವತಿ ದೇವಿ, ನರ್ಗಿಸ್‌ಳ ತಾಯಿ ಜದ್ದನ್‌ಬಾಯಿ, ಆಮೇಲೆ ಇವರು. ಇದನ್ನು ನಾವು ಎಲ್ಲಾದರೂ ಪಾಠದಲ್ಲಿ ಓದಿದ್ದೇವೆಯೇ?

ಅಷ್ಟರಲ್ಲಿ ಗಾಳಿ ತಿರುಗಿತು. 1949ರಲ್ಲಿ 'ಮಹಲ್' ಬಂತು, 'ಅಂದಾಜ್' ಬಂತು, 'ಬರ್ಸಾತ್' ಬಂತು. ಮೂರರಲ್ಲೂ ಲತಾ ಮಂಗೇಶ್ಕರ್. 'ಮಹಲ್'ನ ಮೊದಲ ತಟ್ಟೆಯ ಮೇಲೆ ಲತಾ ಹೆಸರು ಇರಲಿಲ್ಲ, ಪಾತ್ರದ ಹೆಸರು 'ಕಾಮಿನಿ' ಎಂದಿತ್ತು. ಹಾಡಿದವಳ ಹೆಸರು ಹಾಕಬೇಕೆಂದೇ ಆ ಕಾಲಕ್ಕೆ ತೋಚುತ್ತಿರಲಿಲ್ಲ. ನಾನೊಂದು ಸಣ್ಣ ಲೆಕ್ಕ ಮಾಡಿ ನೋಡಿದೆ. 'ಭರ್ತೃಹರಿ'ಗೆ ಅಮೀರ್‌ಬಾಯಿಯನ್ನು ಹಾಡಿಸಿದ ಖೇಮಚಂದ್ ಪ್ರಕಾಶರೇ 'ಮಹಲ್'ಗೆ ಲತಾರನ್ನು ಹಾಡಿಸಿದರು. 'ರತನ್'ಗೆ ಅಮೀರ್‌ಬಾಯಿ ಮತ್ತು ಜೋಹ್ರಾಬಾಯಿಯನ್ನು ಕರೆದ ನೌಷಾದರೇ 'ಅಂದಾಜ್'ನಲ್ಲಿ ನಾಯಕಿಗೆ ಲತಾ ದನಿ ಕೊಟ್ಟರು. ನಡುವೆ ಐದೇ ವರ್ಷ. ಸಿ. ರಾಮಚಂದ್ರರೂ ಅದೇ ದಾರಿ ಹಿಡಿದರು. ಯಾರನ್ನೂ ದೂರಿ ಇದನ್ನು ಬರೆಯುತ್ತಿಲ್ಲ. ಲತಾ ದನಿಗೆ ಮರುಳಾಗದವರು ಯಾರಿದ್ದಾರೆ? ಅವರು ಕನ್ನಡಕ್ಕೂ ಹಾಡಿದರು. 1967ರ 'ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ'ದ ಹಾಡು ನಮ್ಮ ಮನೆಗಳಲ್ಲಿ ಇಂದಿಗೂ ಕೇಳುತ್ತದೆ. ಆದರೆ ಒಂದು ದನಿ ಬಂತೆಂದು ಇನ್ನೊಂದು ಬಗೆಯ ದನಿಯೇ ಹೆಣ್ಣಿನದಲ್ಲ ಎನ್ನುವಂತಾಯಿತಲ್ಲ, ನನಗೆ ಅದು ಚುಚ್ಚುತ್ತದೆ. ಹೆಣ್ಣಿನ ದನಿಯೆಂದರೆ ತೆಳ್ಳಗೆ, ಎತ್ತರಕ್ಕೆ, ಎಳೆಯದಾಗಿ ಇರಬೇಕು ಎಂದು ಹಾಡು ಕಲಿಸುವವರಿಂದ ಹಿಡಿದು ಹೆಣ್ಣು ನೋಡಲು ಬಂದು ಒಂದು ಹಾಡು ಹೇಳವ್ವ ಎನ್ನುವವರ ತನಕ ಎಲ್ಲರ ಕಿವಿಯಲ್ಲೂ ಕೂತುಬಿಟ್ಟಿತು.

ನಮ್ಮದೇ ನೆಲದಲ್ಲಿ ಇದಕ್ಕೆ ಎದುರಾಗಿ ನಿಂತವರು ಗಂಗೂಬಾಯಿ ಹಾನಗಲ್. 'ಗಾಂಧಾರಿ ಹಾನಗಲ್' ಎಂಬ ಹೆಸರಿನಲ್ಲಿ ಬಂದ ಅವರ ಮೊದಲ ತಟ್ಟೆಗಳಲ್ಲಿ ದನಿ ಸಪೂರವಾಗಿದೆ. ಗಂಟಲಿನ ಚಿಕಿತ್ಸೆಯಾದ ಮೇಲೆ ಅದು ಗಂಡಸಿನ ದನಿಯಂತೆ ಗಡುಸಾಯಿತು. ಅವರು ಅದನ್ನೇ ಹಿಡಿದು ದುಡಿದರು. ದೇಶವೇ ತಲೆದೂಗಿತು. ಆದರೆ ಅವರದು ಶಾಸ್ತ್ರೀಯ ಸಂಗೀತ. ಖ್ಯಾಲಿನಲ್ಲಿ ಹೆಂಗಸು ಗಡುಸಾಗಿ ಹ��ಡಬಹುದು, ಪ್ರೇಮಗೀತೆಯಲ್ಲಿ ಕೂಡದು. ಸಿನಿಮಾದ ನಾಯಕಿ ಯಾರನ್ನಾದರೂ ಪ್ರೀತಿಸಬೇಕೆಂದರೆ ಮೊದಲು ಅವಳ ದನಿ ಸಣ್ಣದಾಗಬೇಕು!

ಇದೆಲ್ಲ ಒಂದೇ ಹಾಡಿನಲ್ಲಿ ಕೇಳಬೇಕೆಂದರೆ 1950ರ 'ಸಮಾಧಿ' ಚಿತ್ರದ 'ಗೋರೆ ಗೋರೆ' ಇದೆ. ಸಿ. ರಾಮಚಂದ್ರರು ವಿದೇಶದ ಧಾಟಿಯೊಂದನ್ನು ತಂದು ಕುಣಿಸಿದ ಹಾಡು. ಕೇಳದವರೇ ಇಲ್ಲ. ಅದನ್ನು ಲತಾ ಹಾಡೆಂದು ಎಲ್ಲರೂ ಹೇಳುತ್ತಾರೆ. ಅಲ್ಲಿ ಇಬ್ಬರು ಹಾಡುತ್ತಾರೆ. ಇನ್ನೊಬ್ಬರು ಅಮೀರ್‌ಬಾಯಿ. ನನ್ನ ಮಗಳಿಗೆ ಇದನ್ನು ಹೇಳಿದಾಗ ಅವಳು ನಂಬಲಿಲ್ಲ. ಮೊಬೈಲಿನಲ್ಲಿ ಹಾಕಿ, ಕಿವಿಗೆ ತಂತಿ ಸಿಕ್ಕಿಸಿಕೊಂಡು ಮೂರು ಸಲ ಕೇಳಿ, "ಹೌದಮ್ಮಾ, ಇನ್ನೊಬ್ರಿದ್ದಾರೆ" ಎಂದಳು. ಹಾಡು ಕುಣಿಯುವ ಹಾಡೇ, ಇಬ್ಬರೂ ಕುಣಿಯುತ್ತಾರೆ. ಲತಾ ಹಕ್ಕಿಯ ಹಾಗೆ ಕೊಂಬೆಯಿಂದ ಕೊಂಬೆಗೆ ಹಾರುತ್ತಾರೆ. ಅಮೀರ್‌ಬಾಯಿ ನೆಲದ ಮೇಲೆ ಗೆಜ್ಜೆ ಕಟ್ಟಿದ ಹಾಗೆ ಹೆಜ್ಜೆ ಇಡುತ್ತಾರೆ. ಆ ನೆಲ ಇಲ್ಲದಿದ್ದರೆ ಹಾರುವುದು ಅಷ್ಟು ಚೆಂದ ಕಾಣುತ್ತಿತ್ತೇ? ಜೊತೆಗೆ ಇದನ್ನೂ ಹೇಳಬೇಕು, ಅಲ್ಲಲ್ಲಿ ಅಮೀರ್‌ಬಾಯಿ ತಮ್ಮ ದನಿಯನ್ನು ಬಿಗಿಹಿಡಿದು ಸಣ್ಣ ಮಾಡಿಕೊಂಡಂತೆ ನನಗೆ ಕೇಳುತ್ತದೆ. ಇಕ್ಕಟ್ಟಿನ ಬಸ್ಸಿನಲ್ಲಿ ಮೈ ಮುದುರಿ ಕೂತ ದೊಡ್ಡ ಮೈಯ ಹೆಂಗಸಿನ ಹಾಗೆ. ನಾನು ತಪ್ಪು ಕೇಳುತ್ತಿರಬಹುದು. ಹಿಂದಿನ ಸಾಲಿನವಳ ಕಿವಿ ಎಂದು ಮೊದಲೇ ಹೇಳಿದ್ದೇನೆ.

ಆಮೇಲೆ ಆಕೆಗೆ ಹಾಡು ಕಡಿಮೆಯಾದವು. ಸಣ್ಣಪುಟ್ಟ ಪಾತ್ರಗಳಲ್ಲಿ ನಟಿಸುತ್ತ ಬಂದರು. ಪಾರ್ಶ್ವವಾಯುವಾಗಿ 1965ರಲ್ಲಿ ತೀರಿಕೊಂಡರು. ಮಣ್ಣಾದದ್ದು ಬಿಜಾಪುರದಲ್ಲಿ. ಮುಂಬಯಿಯಿಂದ ತಿರುಗಿ ತನ್ನ ಕಡೆಯ ಕರಿಮಣ್ಣಿಗೇ ಬಂದರು. ಆ ಊರಿನಲ್ಲಿ ಅವರ ಹೆಸರು ಹೊತ್ತ ಅಮೀರ್ ಟಾಕೀಸ್ ಇತ್ತು. ಎಷ್ಟು ಜನ ಅದರೊಳಗೆ ಕೂತು ಲತಾ ಹಾಡು ಕೇಳಿರಬಹುದು!

ಇಷ್ಟೆಲ್ಲ ಬರೆದ ಮೇಲೆ ನನ್ನದೊಂದು ತಪ್ಪನ್ನು ಮುಚ್ಚಿಡುವುದು ಸರಿಯಲ್ಲ. ಹಗರಿಬೊಮ್ಮನಹಳ್ಳಿ ತಾಲೂಕಿನ ಒಂದು ಶಾಲೆಯಲ್ಲಿ ನಾನಿದ್ದಾಗ ಪ್ರತಿಭಾ ಕಾರಂಜಿಗೆ ಸಮೂಹಗಾನದ ತಂಡ ಕಟ್ಟಿದೆವು. ತಾಂಡಾದಿಂದ ಬರುವ ಒಬ್ಬ ಹುಡುಗಿಯಿದ್ದಳು. ಎದೆ ತುಂಬಿ ಹಾಡುವವಳು. ಅವಳ ಮನೆಯ ಹೆಂಗಸರೆಲ್ಲ ಹಬ್ಬಕ್ಕೆ ಸುತ್ತು ಕಟ್ಟಿ ಹಾಡುವವರು, ಆ ದನಿ ಅಲ್ಲಿಂದ ಬಂದದ್ದು. ಉಳಿದ ಐದು ಜನರ ದನಿಯನ್ನು ಅವಳೊಬ್ಬಳ ದನಿ ನುಂಗುತ್ತಿತ್ತು. ನಾನು ಏನು ಮಾಡಿದೆನೆಂದು ನೀವು ಊಹಿಸಿರುತ್ತೀರಿ. "ನೀ ಸ್ವಲ್ಪ ಮೆಲ್ಲಕ ಹಾಡವ್ವ, ಹಿಂದ ನಿಂತ್ಕೊ" ಎಂದೆ. ಪ್ರೀತಿಯಿಂದಲೇ ಎಂದೆ. ನಮ್ಮ ತಂಡಕ್ಕೆ ಎರಡನೆಯ ಬಹುಮಾನ ಬಂತು. ಫೋಟೊದಲ್ಲಿ ಅವಳ ತಲೆಯ ಮೇಲಿನ ಭಾಗ ಮಾತ್ರ ಬಂದಿದೆ. ಆ ಹೊತ್ತಿಗೆ ನನಗೆ ನನ್ನ ಏಳನೆಯ ತರಗತಿ ನೆನಪಾಗಲಿಲ್ಲವೆಂಬುದೇ ನನಗೆ ಆಶ್ಚರ್ಯ. ಅದು ನೆನಪಾದದ್ದು ಎಷ್ಟೋ ವರ್ಷದ ಮೇಲೆ, ಕೂಡ್ಲಿಗಿಯಲ್ಲಿ ಒಂದು ಮಧ್ಯಾಹ್ನ 'ಮಿಲ್‌ಕೆ ಬಿಛಡ್ ಗಯೀ' ಕೇಳುತ್ತ ಕೂತಾಗ. ಅವಳನ್ನು ಆರಿಸದೆ ಬಿಟ್ಟಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಆರಿಸಿ, ದನಿ ಇಳಿಸು ಎಂದೆನಲ್ಲ.

ಅತ್ತಿ ಈಗ ಹರಪನಹಳ್ಳಿಯಲ್ಲಿ ಮಗನ ಮನೆಯಲ್ಲಿದ್ದಾಳೆ. ಎಂಬತ್ತು ದಾಟಿದೆ. ಕಣ್ಣು ಮಂಜು, ಕಿವಿ ಚುರುಕು. ಆ ತಾಲೂಕು ಬಳ್ಳಾರಿಯಿಂದ ದಾವಣಗೆರೆಗೆ ಹೋಗಿ, ಮತ್ತೆ ಬಳ್ಳಾರಿಗೆ ಬಂದು, ಈಗ ವಿಜಯನಗರ ಜಿಲ್ಲೆ ಸೇರಿದೆ ಎಂದು ಹೇಳಿದರೆ, "ಊರು ಅಲ್ಲೇ ಐತೆಲ್ಲೇ?" ಎಂದು ನಗುತ್ತಾಳೆ. ಕಳೆದ ಸಲ ಹೋದಾಗ ಮೊಬೈಲಿನಲ್ಲಿ ಅವಳಿಗೆ ಹಳೆಯ ಹಾಡು ಹಾಕಿದೆ. ಪರೀಕ್ಷೆ ಮಾಡುವ ಚಟ ನನ್ನದು, ಮೇಷ್ಟ್ರ ಬುದ್ಧಿ. 'ಅಖಿಯಾ ಮಿಲಾಕೆ' ಹಾಕಿ, "ಯಾರು ಹೇಳು?" ಎಂದೆ. "ಜೋರಾಬಾಯಿ" ಎಂದಳು, ತಡೆಯದೆ. ಆಮೇಲೆ 'ಗೋರೆ ಗೋರೆ' ಹಾಕಿದೆ. ಬೊಚ್ಚು ಬಾಯಿ ಅಗಲಿಸಿ ನಕ್ಕಳು. ಮೊಣಕಾಲಿನ ಮೇಲೆ ಬೆರಳಿನಿಂದ ತಾಳ ಹಾಕುತ್ತ, ನಡುವೆ ನಡುವೆ ಮಾತು ಬಿಟ್ಟು ಬರೇ ಧಾಟಿಯನ್ನು ಗುನುಗತೊಡಗಿದಳು. ಕೆಲವು ಸಾಲಿಗೆ ದನಿ ಕೂಡಿಸುತ್ತಾಳೆ, ಕೆಲವಕ್ಕೆ ಸುಮ್ಮನೆ ಕೂರುತ್ತಾಳೆ. ಮರೆತಿದ್ದಾಳೆಂದುಕೊಂಡೆ. ಎರಡನೆಯ ಸಲ ಹಾಕಿದಾಗಲೂ ಅದೇ ಜಾಗಗಳಲ್ಲಿ ಸುಮ್ಮನಾದಳು.

"ಯಾಕತ್ತಿ, ಆ ಸಾಲು ಬಿಡ್ತೀಯಲ್ಲ?" ಎಂದೆ.

"ಅದು ಲತಾಬಾಯಿದಲ್ಲೇನವ್ವ" ಎಂದಳು. "ನಾ ಯಾವಾಗ್ಲೂ ನಮ್ಮಾಕೀದು ಅಷ್ಟ ಹಾಡಾಕಿ. ಇನ್ನೊಂದು ಹೇಳಾಕ ಮನಿಯಾಗ ಯಾರೂ ಇರ್ಲಿಲ್ಲ."